ಧಡ್ ಎನ್ನದ ಬಾತು

2024ರ ಮಾರ್ಚ್ 29, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತೆರೆದ ಬಾನೆಟ್ಟಿನ ಮುಂದೆ ಲುಜೈನ್ ಕೈ ಕಟ್ಟಿಕೊಂಡು ನಿಂತಿದ್ದಳು. ಅವಳ ಕಣ್ಣು ಒಂದು ಸ್ಕೇಲಿನ ಮೇಲೆ ನೆಟ್ಟಿತ್ತು.

"ರೆಡೀನಾ?" ಕಾರಿನೊಳಗಿಂದ ಅಪ್ಪ ಕೇಳಿದರು.

"ರೆಡಿ."

ಅಪ್ಪ ಕೀಲಿ ತಿರುಗಿಸಿದರು. ನಿದ್ದೆಯಲ್ಲಿದ್ದವನನ್ನು ಯಾರೋ ಒದ್ದು ಎಬ್ಬಿಸಿದ ಹಾಗೆ ಎಂಜಿನ್ ಎಗರಿ ಬಿತ್ತು. ಧಡ್. ಎದುರುಮನೆ ಕಿಟಕಿಯಲ್ಲಿದ್ದ ಪಾರಿವಾಳಗಳು ಹಾರಿಹೋದವು.

"ಎಷ್ಟು?"

"ಇಪ್ಪತ್ತೆರಡು ಮಿಲಿಮೀಟರ್."

"ಸರಿಯಾಗಿ ನೋಡಿದ್ಯಾ?"

"ಸ್ಕೇಲ್ ನನ್ನದು ಅಪ್ಪ. ಅದು ಸುಳ್ಳು ಹೇಳಲ್ಲ."

ಸ್ಕೇಲು ಅವಳ ಜಾಮಿಟ್ರಿ ಬಾಕ್ಸಿನದೇ. ಅಪ್ಪ ಅದನ್ನು ಕಾರಿನ ಅಂಚಿಗೆ ಟೇಪಿನಿಂದ ಅಂಟಿಸಿ, ಎಂಜಿನ್ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದಿದ್ದರು. ಗೆರೆ ಎಷ್ಟು ಜಿಗಿಯಿತೋ ಎಂಜಿನ್ ಅಷ್ಟು ಅಲುಗಿತೆಂದು ಲೆಕ್ಕ. ಅಪ್ಪ, ಅಂದರೆ ಉಸ್ತಾಜ್ ವಗ್ದಿ, ತಾಂತಾ ಊರಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಏನೇ ಕೆಟ್ಟುಹೋದರೂ ಮೊದಲು ಅಳೆಯಬೇಕು, ಬೇಜಾರು ಮಾಡಿಕೊಳ್ಳುವುದು ಆಮೇಲೆ. ಇದು ಅವರ ಪದ್ಧತಿ.

ಆ ಪುಟ್ಟ ಹಳದಿ ಕಾರಿಗೆ ಮನೆಯಲ್ಲಿ ಬಾತು ಎಂದು ಹೆಸರು. ಗೇರು ಬದಲಿಸಿದಾಗಲೆಲ್ಲ ಅದು ಬಾತುಕೋಳಿಯಂತೆ ಹಿಂದೆಮುಂದೆ ಓಲಾಡುತ್ತಿತ್ತು. ಹೊರಡುವಾಗ ಒಂದು ಧಡ್, ನಿಲ್ಲುವಾಗ ಇನ್ನೊಂದು ಧಡ್. ಹತ್ತು ವರ್ಷದಿಂದ ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಳ್ಳುವಂತೆ ಮಾಡಿದವರು ಹಾಜಿ ಬಸ್ಯೂನಿ.

ಹಾಜಿ ಬಸ್ಯೂನಿ ರಬಾಬ್ ಅತ್ತೆಯ ಮಾವ. ರಬಾಬ್ ಅತ್ತೆ ಅಪ್ಪನ ತಂಗಿ. ಜನವರಿಯಲ್ಲಿ ಮದುವೆಯಾಗಿ ಮಹಲ್ಲಾ ಊರಿಗೆ ಹೋಗಿದ್ದಳು. ಫೆಬ್ರುವರಿಯಲ್ಲಿ ಇವರೆಲ್ಲ ಮೊದಲ ಸಲ ಅವಳನ್ನು ನೋಡಲು ಹೋದಾಗ, ಬಾತು ಆ ಮನೆಯ ಮುಂದೆ ನಿಂತು, ಎಂದಿನಂತೆ, ಧಡ್ ಎಂದಿತು. ಮೂರನೇ ಮಹಡಿಯ ಬಾಲ್ಕನಿಯಿಂದ ಹಾಜಿ ಬಸ್ಯೂನಿ ಬಗ್ಗಿ ನೋಡಿದರು.

"ಏನು ಉಸ್ತಾಜ್ ವಗ್ದಿ, ನೀವು ಸಲಾಂ ಹೇಳೋ ಮೊದಲೇ ನಿಮ್ಮ ಕಾರು ಹೇಳಿಬಿಡ್ತಲ್ಲ. ಅದರ ಕೆಮ್ಮಿಗೆ ಒಂದು ಔಷಧಿ ಕೊಡಿಸಬಾರದಾ?"

ಅಕ್ಕಪಕ್ಕದ ಬಾಲ್ಕನಿಗಳೆಲ್ಲ ನಕ್ಕವು. ಅಪ್ಪನೂ ನಕ್ಕರು. ಆದರೆ ಅವರ ಕಿವಿ ಕೆಂಪಗಾಗಿದ್ದು ಲುಜೈನಳಿಗೆ ಕಂಡಿತ್ತು. ರಬಾಬ್ ಅತ್ತೆ ಆಗಲೇ ಮೆಟ್ಟಿಲಿಳಿದು ಓಡಿಬಂದು ಕೆಳಗಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಒಂದು ಕಾಲಿಗೆ ನೀಲಿ ಚಪ್ಪಲಿ, ಇನ್ನೊಂದಕ್ಕೆ ಕಂದು. ಮನೆಗೆ ವಾಪಸು ಬರುವಾಗ ಅಪ್ಪನಿಗೆ ನೆನಪಿದ್ದದ್ದು ಹಾಜಿಯ ಮಾತೊಂದೇ.

ಈಗ ರಮ್ಜಾನ್ ಮುಗಿಯುತ್ತ ಬಂದಿತ್ತು. ಮದುವೆಯ ನಂತರದ ಮೊದಲ ಈದಿಗೆ ತವರಿನವರು ಮಗಳ ಮನೆಗೆ ಕಹ್ಕ್ ಮತ್ತು ಘುರೈಬಾ ಎಂಬ ಸಿಹಿ ಬಿಸ್ಕತ್ತುಗಳನ್ನು ತೆಗೆದುಕೊಂಡು ಹೋಗಲೇಬೇಕು. ತಿಂಡಿಯ ಡಬ್ಬಗಳನ್ನು ಮಗಳ ಅತ್ತೆ ನಡುಮನೆಯಲ್ಲಿ ಎಲ್ಲರೆದುರಿಗೆ ಬಿಚ್ಚುತ್ತಾರೆ. ಒಳಗೆ ಏನಿತ್ತು, ಹೇಗಿತ್ತು ಎಂಬುದು ಅಂದೇ ಇಡೀ ಬೀದಿಗೆ ತಿಳಿಯುತ್ತದೆ. ಹೊಗಳಿಕೆಯೋ ಚುಚ್ಚುಮಾತೋ, ಮಗಳು ಅದನ್ನು ವರ್ಷಗಟ್ಟಲೆ ಕೇಳಬೇಕಾಗುತ್ತದೆ.

"ಈ ಸಲ ಬಾತು ಆ ಬೀದಿಗೆ ಬೆಕ್ಕಿನ ಹಾಗೆ ಹೋಗುತ್ತೆ," ಎಂದರು ಅಪ್ಪ. "ಸದ್ದೇ ಇರಬಾರದು. ರಬಾಬಳ ಮಾನದ ಪ್ರಶ್ನೆ."

ಎಂಜಿನ್ ನೇರವಾಗಿ ಕಾರಿನ ಕಬ್ಬಿಣದ ಮೇಲೆ ಕೂತಿರುವುದಿಲ್ಲ. ನಡುವೆ ಮೂರು ಕಡೆ ಮುಷ್ಟಿಗಾತ್ರದ ರಬ್ಬರು ತುಂಡುಗಳಿರುತ್ತವೆ. ಅವೇ ಎಂಜಿನ್ ಮೌಂಟುಗಳು. ರಬ್ಬರಿನ ನಡುವೆ ಅಲ್ಲಲ್ಲಿ ಅರ್ಧಚಂದ್ರದ ಆಕಾರದ ಸಂದುಗಳು. ಬಾತುವಿನ ರಬ್ಬರು ಹಳೆಯದಾಗಿ ಜೋತುಬಿದ್ದಿತ್ತು. ಸಂದುಗಳಿಗೆ ಗಾಜು ಕೂರಿಸುವ ಕರಿ ಗೋಂದು ತುಂಬಿದರೆ ಅದು ಗಟ್ಟಿಯಾಗುತ್ತದೆಂದು ಅಪ್ಪ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದರು.

"ಈ ತೂತು ಯಾಕೆ ಬಿಟ್ಟಿದ್ದಾರೆ ಅಪ್ಪ?" ಲುಜೈನ್ ಟಾರ್ಚ್ ಹಿಡಿದುಕೊಂಡು ಕೇಳಿದಳು.

"ರಬ್ಬರ್ ಉಳಿಸೋಕೆ," ಎಂದರು ವಿಜ್ಞಾನದ ಮೇಷ್ಟ್ರು.

ಹಿಂದಿನ ಮೌಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಒಂದು ಪಕ್ಕಕ್ಕೆ ಟೇಪು ಹಚ್ಚಿ, ಅಪ್ಪ ಗನ್ನಿನಿಂದ ಗೋಂದು ಒತ್ತಿದರು. ಅದು ಕಾಡಿಗೆಯಂತೆ ಹೊಳೆಯುತ್ತ ಸಂದಿನೊಳಗೆ ಇಳಿಯಿತು. ಮೊದಲು ಮಾಡಿದ ಯೋಜನೆ ಇಷ್ಟೇ. ಮೂರರಲ್ಲಿ ಒಂದನ್ನು ತುಂಬುವುದು, ಉಳಿದೆರಡನ್ನು ಹಾಗೇ ಬಿಡುವುದು.

ಆದರೆ ಟ್ಯೂಬಿನಲ್ಲಿ ಗೋಂದು ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು.

"ಇದನ್ನ ಎತ್ತಿಟ್ರೆ?" ಲುಜೈನ್ ಕೇಳಿದಳು.

"ಒಂದು ಸಲ ಬಾಯಿ ತೆಗೆದ್ರೆ ಮುಗೀತು. ನಾಳೆ ಹೊತ್ತಿಗೆ ಟ್ಯೂಬಲ್ಲೇ ಕಲ್ಲಾಗುತ್ತೆ."

"ಮತ್ತೆ ವೇಸ್ಟ್ ಆಗುತ್ತಲ್ಲ. ಆ ಎರಡಕ್ಕೂ ಹಾಕಿಬಿಡೋಣ ಅಪ್ಪ. ಒಂದು ತುಂಬಿದ್ರೆ ಒಳ್ಳೇದಾಗುತ್ತೆ ಅಂದ್ರೆ, ಮೂರು ತುಂಬಿದ್ರೆ ಸೂಪರ್ ಆಗುತ್ತೆ."

ಈ ತರ್ಕದಲ್ಲಿ ಏನೋ ತಪ್ಪಿದೆ ಎಂದು ಅಪ್ಪನ ಮುಖ ಹೇಳುತ್ತಿತ್ತು. ಅದೇ ತಪ್ಪನ್ನು ಪರೀಕ್ಷೆಯಲ್ಲಿ ಮಕ್ಕಳು ಬರೆದಾಗ ಅವರು ಕೆಂಪು ಶಾಯಿಯಿಂದ ಗೀಟು ಹಾಕುತ್ತಿದ್ದರು. ಆದರೆ ಅರ್ಧ ಟ್ಯೂಬು ಗೋಂದು ಮಗಳ ಕೈಯಲ್ಲಿತ್ತು, ಹಾಜಿ ಬಸ್ಯೂನಿಯ ಮಾತು ತಮ್ಮ ಕಿವಿಯಲ್ಲಿತ್ತು.

"ಕೊಡು ಇಲ್ಲಿ," ಎಂದರು.

ಮೂರೂ ತುಂಬಿದವು. ಗೋಂದು ಒಣಗಲೆಂದು ಬಾತು ಒಂದು ವಾರ ಅಲ್ಲಾಡದೆ ನಿಂತಿತು.

ಮುಂದಿನ ಗುರುವಾರ ಶಾಲೆಯಿಂದ ಬರುವಷ್ಟರಲ್ಲಿ ಮನೆಯೆಲ್ಲ ತುಪ್ಪದ ವಾಸನೆ. ಅಮ್ಮ ಕಹ್ಕ್‌ಗಳ ಮೇಲೆ ಚಿಮುಟದಿಂದ ಗೆರೆ ಮೂಡಿಸುತ್ತಿದ್ದಳು. ಅಜ್ಜಿ ಹಿಟ್ಟಿನ ದೊಡ್ಡ ಪಾತ್ರೆಯ ಮುಂದೆ ರಾಣಿಯಂತೆ ಕೂತಿದ್ದಳು.

"ಬಾರೇ," ಎಂದಳು ಅಜ್ಜಿ. "ಈ ಸಲ ಘುರೈಬಾ ನಿನ್ನದು."

ಘುರೈಬಾ ಎಂದರೆ ತುಪ್ಪ, ಸಕ್ಕರೆ ಪುಡಿ, ಹಿಟ್ಟು, ಅಷ್ಟೇ. ಬಾಯಿಗಿಟ್ಟರೆ ಅಗಿಯುವ ಮೊದಲೇ ಕರಗಬೇಕು. ಆದ್ದರಿಂದಲೇ ಅದು ಎಲ್ಲಕ್ಕಿಂತ ಕಷ್ಟ. ಕಹ್ಕ್ ಯಾರು ಬೇಕಾದರೂ ಮಾಡಬಹುದು, ಹೆಣ್ಣುಮಕ್ಕಳ ಕೈ ಗೊತ್ತಾಗುವುದು ಘುರೈಬಾದಲ್ಲಿ ಎಂದು ಅಜ್ಜಿ ಹೇಳುತ್ತಿದ್ದಳು. ರಬಾಬ್ ಅತ್ತೆಯ ಅತ್ತೆ ಹಾಜಾ ನಾಹಿದ್ ಕೂಡ ಅದನ್ನೇ ಹೇಳುವವರು.

"ಹಿಟ್ಟನ್ನ ಹೆಚ್ಚು ನಾದಬೇಡ. ಸುಮ್ಮನೆ ಸೇರಿಸು. ಅದು ನಿನ್ನ ಕೈಗೆ ಹೆದರಬಾರದು."

"ಇದು ಮುಟ್ಟಿದ್ರೇ ಮುರಿಯೋ ಹಾಗಿದೆ ಅಜ್ಜಿ. ಮಹಲ್ಲಾ ಮುಟ್ಟೋದು ಹೇಗೆ?"

"ಮಡಿಲಲ್ಲಿ ಇಟ್ಕೊಂಡು ಕೂರು. ಪ್ರತಿ ವರ್ಷ ನೆಂಟರ ಮನೆಗೆ ನಾನು ಹಾಗೇ ಒಯ್ದಿದ್ದು."

ಅಜ್ಜಿ ಮಧ್ಯಾಹ್ನದ ನಮಾಜಿಗೆ ಎದ್ದು ಹೋದಳು. ಅಮ್ಮ ಓವನ್ನಿನ ಕಡೆ ತಿರುಗಿದ್ದಳು. ಲುಜೈನ್ ಹಿಟ್ಟನ್ನು ನೋಡಿದಳು. ಹೋದ ವರ್ಷ ಪಕ್ಕದ ಮನೆಗೆ ಒಯ್ಯುವಷ್ಟರಲ್ಲೇ ನಾಲ್ಕು ಒಡೆದಿದ್ದವು. ಈ ಸಲ ಅದನ್ನು ಹಾಜಾ ನಾಹಿದ್ ಎಲ್ಲರೆದುರು ಬಿಚ್ಚುತ್ತಾರೆ.

ಅವಳು ಹಿಟ್ಟನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಅಜ್ಜಿ ಹೇಳಿದಂತೆ ಬಿಟ್ಟಳು. ಇನ್ನೊಂದಕ್ಕೆ ಎರಡು ಹಿಡಿ ಹಿಟ್ಟು ಹೆಚ್ಚು ಹಾಕಿ, ಚೆನ್ನಾಗಿ ನಾದಿದಳು. ಅದು ಕೈಯಲ್ಲಿ ಗಟ್ಟಿಯಾಗಿ, ಹೇಳಿದ ಮಾತು ಕೇಳುವ ಉಂಡೆಯಾಯಿತು. ಗುರುತಿಗೆಂದು ಮೆತ್ತನೆಯವುಗಳ ಮೇಲೆ ಪಿಸ್ತಾ ಇಟ್ಟಳು, ಗಟ್ಟಿಯವುಗಳ ಮೇಲೆ ಲವಂಗ.

ರುಚಿ ನೋಡುವಂತಿರಲಿಲ್ಲ. ಅವಳು ಈ ವರ್ಷ ಮೊದಲ ಸಲ ಇಡೀ ದಿನದ ಉಪವಾಸ ಹಿಡಿದಿದ್ದಳು. ಮನೆಯಲ್ಲಿ ಎಲ್ಲರೂ ಉಪವಾಸವೇ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಅಮ್ಮ ಡಬ್ಬಗಳಿಗೆ ರಿಬ್ಬನ್ ಕಟ್ಟಿ ಆಗಿತ್ತು.

"ಒಂದೇ ಒಂದು ಅಮ್ಮ, ಹೇಗಾಗಿದೆ ನೋಡೋಕೆ."

"ಮದುಮಗಳ ಡಬ್ಬಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ."

ಹೀಗೆ ಯಾರೂ ತಿನ್ನದ ಘುರೈಬಾ ಮರುದಿನ ಯಾರೂ ಓಡಿಸಿ ನೋಡದ ಕಾರನ್ನು ಏರಿತು.

ಶುಕ್ರವಾರ ಸಂಜೆ ನಾಲ್ಕೂವರೆಗೆ ಅಪ್ಪ ಕೀಲಿ ತಿರುಗಿಸಿದರು. ಧಡ್ ಎನ್ನಲಿಲ್ಲ. ಸೀಮೆಸುಣ್ಣದ ಗೆರೆ ಅಲುಗಿದ್ದು ಬರೀ ಎರಡು ಮಿಲಿಮೀಟರ್.

"ನೋಡಿದ್ಯಾ?" ಅಪ್ಪನ ಮುಖ ಅರಳಿತು. "ಬೆಕ್ಕು."

ಎಲ್ಲರೂ ಹತ್ತಿದರು. ಅಪ್ಪ, ಪಕ್ಕದಲ್ಲಿ ಅಜ್ಜಿ, ಹಿಂದೆ ಅಮ್ಮ ಮತ್ತು ಲುಜೈನ್. ಲುಜೈನಳ ಮಡಿಲಲ್ಲಿ ಘುರೈಬಾ ಡಬ್ಬ. ಬಾತು ಹೊರಟಿತು.

ಎಂಜಿನ್ ಈಗ ಅಲ್ಲಾಡುತ್ತಿರಲಿಲ್ಲ. ಅದರ ಬದಲು ಉಳಿದದ್ದೆಲ್ಲ ಅಲ್ಲಾಡುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಒಂದು ಲಾರಿ ಎರಡಾಗಿ ಕಾಣುತ್ತಿತ್ತು. ಬಾಗಿಲಿನ ಹಿಡಿ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಅಜ್ಜಿಯ ಕೈಯಲ್ಲಿದ್ದ ಜಪಮಣಿ ತನ್ನಷ್ಟಕ್ಕೇ ಎಣಿಸಿಕೊಳ್ಳುತ್ತಿತ್ತು.

"ವ-ವ-ವಗ್ದಿ," ಎಂದಳು ಅಜ್ಜಿ. "ಇ-ಇದೇನೋ ಮಾಡಿಟ್ಟಿದ್ದೀಯ?"

"ಧಡ್ ಅಂತು ಏನಮ್ಮ? ಒಂದು ಸಲಾನಾದ್ರೂ ಧಡ್ ಅಂತಾ?"

"ಧಡ್ ಕೇಳಿಸೋಕೆ ನನ್ನ ಕಿವಿ ಜಾಗದಲ್ಲಿರಬೇಕಲ್ಲ," ಎಂದಳು ಹಿಂದಿನಿಂದ ಅಮ್ಮ. "ಹಲ್ಲು ಒಂದಕ್ಕೊಂದು ಹೊಡೀತಿದೆ."

"ಅದು ಸ್ಟಿಫ್ ಆಗಿದೆ ಅಷ್ಟೇ. ರೇಸ್ ಕಾರುಗಳೆಲ್ಲ ಹೀಗೇ ಇರೋದು."

"ರೇಸಿಗೆ ಅತ್ತೇನ ಕೂರಿಸ್ಕೊಂಡು ಹೋಗ್ತಾರಾ?"

ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಂತಾಗ ಇನ್ನೂ ಕೆಟ್ಟದಾಯಿತು. ನಿಂತಲ್ಲೇ ಇಡೀ ಕಾರು ಜ್ವರ ಬಂದವರಂತೆ ನಡುಗುತ್ತಿತ್ತು. ಲುಜೈನ್ ಡಬ್ಬವನ್ನು ಮೊಣಕಾಲಿನಿಂದ ಎತ್ತಿ ಗಾಳಿಯಲ್ಲಿ ಹಿಡಿದಳು. ಕೈ ಸೋತಾಗ ಮತ್ತೆ ಕೆಳಗಿಟ್ಟಳು. ಮುಚ್ಚಳದ ಅಂಚಿನಿಂದ ಸಕ್ಕರೆ ಪುಡಿ ಸಣ್ಣಗೆ ಹೊಗೆಯಂತೆ ಏಳುತ್ತಿತ್ತು. ಅವಳಿಗೆ ಅಳು ಬರುವಂತಾಯಿತು.

ಮಹಲ್ಲಾದ ಆ ಬೀದಿಗೆ ಬಾತು ಧಡ್ ಎನ್ನದೆ ಪ್ರವೇಶಿಸಿತು. ಆದರೆ ಮೂಲೆಯ ಅಂಗಡಿಯವನ ಗಾಜಿನ ಬಾಟಲಿಗಳು ಕಿಣಿಕಿಣಿ ಎಂದವು. ಬಾಲ್ಕನಿಯಲ್ಲಿ ಹಾಜಿ ಬಸ್ಯೂನಿ ಎದ್ದು ನಿಂತರು.

"ಯಾರಪ್ಪ ಅದು, ಹಿಟ್ಟಿನ ಗಿರಣಿ ತಂದು ನನ್ನ ಮನೆ ಮುಂದೆ ನಿಲ್ಲಿಸಿರೋದು?" ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದರು. "ಓಹೋ, ಉಸ್ತಾಜ್ ವಗ್ದಿಯವರಾ. ಕೆಮ್ಮು ಹೋಯ್ತು, ಚಳಿಜ್ವರ ಬಂತು ಅನ್ನಿ."

ಬಾಲ್ಕನಿಗಳು ನಕ್ಕವು. ಅಪ್ಪನ ಕಿವಿ ಕೆಂಪಾಯಿತು.

ಕೆಳಗಿನ ಬಾಗಿಲಲ್ಲಿ ಈ ಸಲ ಯಾರೂ ಇರಲಿಲ್ಲ. ಡಬ್ಬಗಳನ್ನು ತಾವೇ ಹೊತ್ತು ಮೂರು ಮಹಡಿ ಹತ್ತಿದರು. ಬೆಲ್ ಒತ್ತಿದ ಮೇಲೆ ರಬಾಬ್ ಅತ್ತೆ ಬಾಗಿಲು ತೆಗೆದಳು.

"ಬಂದೇಬಿಟ್ರಾ?" ಅವಳ ಮುಖದಲ್ಲಿ ಆಶ್ಚರ್ಯ. "ನಾನು ಆಗಿನಿಂದ ಅಡುಗೆಮನೇಲಿ ಕಿವಿ ಕೊಟ್ಕೊಂಡೇ ಇದ್ದೆ. ಬಾತು ಸದ್ದೇ ಕೇಳಿಸ್ಲಿಲ್ಲ ಅಣ್ಣ."

"ಕೇಳಿಸಲ್ಲ. ಇನ್ಮೇಲೆ ಆ ತೊಂದರೆ ಇಲ್ಲ."

"ಹೌದಾ," ಎಂದಳು ಅತ್ತೆ. ಅವಳ ಎರಡೂ ಕಾಲಿಗೆ ಒಂದೇ ಜೊತೆಯ ಚಪ್ಪಲಿ ಇದ್ದದ್ದನ್ನು ಲುಜೈನ್ ನೋಡಿದಳು.

ನಡುಮನೆಯಲ್ಲಿ ಹಾಜಾ ನಾಹಿದ್, ಅವರ ಇಬ್ಬರು ತಂಗಿಯರು, ಪಕ್ಕದ ಮನೆಯಾಕೆ ಎಲ್ಲ ಸೇರಿದ್ದರು. ಅತ್ತೆ ಸೋಫಾದ ತುದಿಯಲ್ಲಿ ಕೂತು ಬೆರಳು ಹೆಣೆದುಕೊಂಡಿದ್ದಳು. ಕಹ್ಕ್ ಡಬ್ಬಗಳು ಬಿಚ್ಚಿದವು. ಸಕ್ಕರೆಯೆಲ್ಲ ಉದುರಿ ಬೋಳಾಗಿದ್ದರೂ ಕಹ್ಕ್‌ಗಳು ಗುಂಡಗೆ ಇದ್ದವು. ಪಕ್ಕದ ಮನೆಯಾಕೆ ತಲೆಯಾಡಿಸಿದರು. ಆಮೇಲೆ ಘುರೈಬಾ ಡಬ್ಬ.

ಅರ್ಧ ಡಬ್ಬದ ತುಂಬ ಮರಳು. ಬಿಳಿಯ, ನುಣ್ಣನೆಯ ಮರಳು. ಅದರ ಮೇಲೆ ಅಲ್ಲಲ್ಲಿ ಪಿಸ್ತಾಗಳು ಕಲ್ಲಿನಂತೆ ಬಿದ್ದಿದ್ದವು. ಉಳಿದರ್ಧದಲ್ಲಿ ಲವಂಗದ ಘುರೈಬಾಗಳು ಒಂದೂ ಮುಕ್ಕಾಗದೆ, ಪೆರೇಡಿಗೆ ನಿಂತ ಪೊಲೀಸರಂತೆ ಸಾಲಾಗಿದ್ದವು.

ಪಕ್ಕದ ಮನೆಯಾಕೆ ಹತ್ತಿರ ಬಗ್ಗಿ ನೋಡಿದರು. ಅಜ್ಜಿ ಲವಂಗಗಳನ್ನು ನೋಡಿದಳು, ಆಮೇಲೆ ಲುಜೈನಳನ್ನು ನೋಡಿದಳು.

"ದಾರಿ ಕೆಟ್ಟದು," ಎಂದಳು ಅಮ್ಮ.

"ಹೂಂ, ದಾರಿ," ಎಂದರು ಹಾಜಾ ನಾಹಿದ್, ನಂಬಿದರೋ ಇಲ್ಲವೋ ತಿಳಿಯದ ದನಿಯಲ್ಲಿ. ಮುರಿಯದವುಗಳನ್ನು ಚಿನ್ನದ ಅಂಚಿನ ತಟ್ಟೆಗೆ ಜೋಡಿಸಿದರು. ಮರಳಿದ್ದ ಡಬ್ಬವನ್ನು ಮುಚ್ಚಿ ಅಡುಗೆಮನೆಗೆ ಕಳಿಸಿದರು.

ಅತ್ತೆ ಲುಜೈನಳ ಕಿವಿಯಲ್ಲಿ ಪಿಸುಗುಟ್ಟಿದಳು. "ಆ ಲವಂಗದವು ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು? ಯಾರು ಮಾಡಿದ್ದು?"

"ನಾನೇ."

"ನನ್ನ ಬಂಗಾರ."

ಲುಜೈನಳಿಗೆ ಹೆಮ್ಮೆಯಾಯಿತು. ಅವಳ ಉಪಾಯ ಫಲಿಸಿತ್ತು. ಅವಳ ಹೆಮ್ಮೆ ಸಂಜೆಯ ಆಜಾನ್‌ವರೆಗೂ ಚೆನ್ನಾಗಿಯೇ ಇತ್ತು, ಏಕೆಂದರೆ ಅಲ್ಲಿಯವರೆಗೆ ಯಾರೂ ಏನನ್ನೂ ತಿನ್ನುವಂತಿರಲಿಲ್ಲ.

ಆಜಾನ್ ಆಯಿತು. ಖರ್ಜೂರ, ಏಪ್ರಿಕಾಟ್ ಶರಬತ್ತು, ಮೊಲೊಖಿಯಾ ಸೊಪ್ಪಿನ ಸಾರು, ಅನ್ನ, ಕೋಳಿ. ನಮಾಜು ಮುಗಿಸಿ ಎಲ್ಲರೂ ಮತ್ತೆ ಕೂತಾಗ ಚಹಾ ಬಂತು. ಚಿನ್ನದ ಅಂಚಿನ ತಟ್ಟೆಯೂ ಬಂತು. ಹಾಜಾ ನಾಹಿದ್ ಮೊದಲನೆಯದನ್ನು ಗಂಡನಿಗೆ ಕೊಟ್ಟರು.

ಹಾಜಿ ಬಸ್ಯೂನಿ ಕಚ್ಚಿದರು. ಏನೂ ಆಗಲಿಲ್ಲ. ಪಕ್ಕದ ಹಲ್ಲಿಗೆ ಬದಲಿಸಿ ಕಚ್ಚಿದರು. ಆಮೇಲೆ ಅದನ್ನು ಬಾಯಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, ಬಸಿಯ ಅಂಚಿಗೆ ಮೆಲ್ಲಗೆ ಬಡಿದರು.

ಟಕ್.

ಲವಂಗ ಕೂಡ ಉದುರಲಿಲ್ಲ.

ತಮಾಷೆ ಬಂದೇ ಬರುತ್ತದೆಂದು ಎಲ್ಲರೂ ಕಾದರು. ಹಾಜಿ ಬಸ್ಯೂನಿ ಸೊಸೆಯ ಮುಖ ನೋಡಿದರು. ಅವಳು ತನ್ನ ಚಹಾದೊಳಗೆ ಏನೋ ಬಿದ್ದಿದೆ ಎಂಬಂತೆ ಲೋಟವನ್ನೇ ನೋಡುತ್ತಿದ್ದಳು. ಹಾಜಿ ಬಾಯಿ ತೆರೆದವರು ಹಾಗೇ ಮುಚ್ಚಿದರು. ಪಕ್ಕದ ಮನೆಯಾಕೆ ಮುಚ್ಚಲಿಲ್ಲ.

"ಇದು ತಾಂತಾ ಕಡೆಯ ಘುರೈಬಾನಾ? ಅವರಲ್ಲಿ ಹೀಗೇ ಮಾಡ್ತಾರಾ?"

ಅಜ್ಜಿಯ ಬೆನ್ನು ನೆಟ್ಟಗಾಯಿತು. ಲುಜೈನ್ ಎದ್ದು ನಿಂತಳು.

"ನಮ್ಮಲ್ಲಿ ಹೀಗೆ ಮಾಡಲ್ಲ. ನಾನು ಮಾಡಿದ್ದು. ದಾರೀಲಿ ಮುರಿಯುತ್ತೆ ಅಂತ ಎರಡು ಹಿಡಿ ಹಿಟ್ಟು ಜಾಸ್ತಿ ಹಾಕ್ದೆ. ಅಜ್ಜಿಗೂ ಗೊತ್ತಿಲ್ಲ."

ಯಾರಾದರೂ ಮಾತಾಡುವ ಮೊದಲೇ ಅವಳು ಅಡುಗೆಮನೆಗೆ ಹೋದಳು. ಮೂಲೆಯಲ್ಲಿದ್ದ ಡಬ್ಬ ತಂದಳು, ಒಂದು ಬಟ್ಟಲು, ಒಂದು ಚಮಚ ತಂದಳು. ಬಿಳಿ ಮರಳನ್ನು ಬಟ್ಟಲಿಗೆ ಸುರಿದು ಹಾಜಿ ಬಸ್ಯೂನಿಯ ಮುಂದೆ ಹಿಡಿದಳು.

"ಇದು ಅಜ್ಜಿ ಹೇಳಿದ ಹಾಗೆ ಮಾಡಿದ್ದು."

ಹಾಜಿ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅವರ ದವಡೆ ಅಲುಗಲೇ ಇಲ್ಲ. ಕಣ್ಣು ಮಾತ್ರ ಸ್ವಲ್ಪ ಮುಚ್ಚಿತು. ಇನ್ನೊಂದು ಚಮಚ. ಮತ್ತೊಂದು. ಹಾಜಾ ನಾಹಿದ್ ಗಂಡನ ಕೈಯಿಂದ ಚಮಚ ಕಿತ್ತುಕೊಂಡು ತಾವೂ ಒಂದು ಬಾಯಿ ತಿಂದರು. ಆಮೇಲೆ ಅಡುಗೆಮನೆಯ ಕಡೆ ಕೂಗಿದರು. "ಎಲ್ಲರಿಗೂ ಚಮಚ ತನ್ನಿ."

ಹಾಜಿ ಬಸ್ಯೂನಿ ಐದು ನಿಮಿಷ ಮಾತಾಡದೆ ಕೂತದ್ದನ್ನು ಆ ಮನೆಯವರು ಅಂದೇ ಮೊದಲು ನೋಡಿದ್ದು. ಪಕ್ಕದ ಮನೆಯಾಕೆ ಬಟ್ಟಲಿನ ತಳ ಕೆರೆಯುತ್ತಿದ್ದರು.

ಕೊನೆಗೆ ಹಾಜಿ ಮೀಸೆಯ ಮೇಲಿನ ಸಕ್ಕರೆ ಒರೆಸಿಕೊಂಡರು. "ಉಸ್ತಾಜ್ ವಗ್ದಿ, ನಿಮ್ಮ ಗಿರಣಿ ತುಂಬ ನುಣ್ಣಗೆ ಬೀಸುತ್ತೆ ಕಣ್ರೀ."

ಮೊದಲು ನಕ್ಕವಳು ರಬಾಬ್ ಅತ್ತೆ. ಚಹಾ ಚೆಲ್ಲುವ ಹಾಗೆ ನಕ್ಕಳು. ಕೊನೆಗೆ ನಕ್ಕವರು ಅಪ್ಪ.

"ಆದ್ರೆ ಒಂದು ಮಾತು," ಎಂದರು ಹಾಜಿ. "ಆ ಹಳೇ ಕೆಮ್ಮನ್ನ ಯಾಕೆ ತೆಗೆಸಿದ್ರಿ? ನಿಮ್ಮ ತಂಗಿಯನ್ನ ಕೇಳಿ. ಫೆಬ್ರುವರಿಯಿಂದ ಈ ಬೀದೀಲಿ ಯಾವ ಗಾಡಿ ಧಡ್ ಅಂದ್ರೂ ಇವಳು ಚಪ್ಪಲಿ ಹುಡುಕ್ತಾಳೆ."

"ಮಾವಾ," ಎಂದಳು ಅತ್ತೆ, ತಲೆ ತಗ್ಗಿಸಿ.

"ಸುಳ್ಳಾ? ಮೊನ್ನೆ ಗ್ಯಾಸ್ ಸಿಲಿಂಡರಿನ ಗಾಡಿಗೂ ಓಡಿಹೋಗಿದ್ದೆ."

ಎಲ್ಲರೂ ಮತ್ತೆ ನಕ್ಕರು. ಅಪ್ಪ ನಗಲಿಲ್ಲ. ಅವರು ತಂಗಿಯನ್ನು ನೋಡುತ್ತಿದ್ದರು.

ವಾಪಸು ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಿದರೆ ನಾಲಿಗೆ ಕಚ್ಚಿಕೊಳ್ಳುವ ಭಯವಿತ್ತು.

ಶನಿವಾರ ಬೆಳಿಗ್ಗೆ ಲುಜೈನ್ ಕೆಳಗಿಳಿದಾಗ ಅಪ್ಪ ಬಾನೆಟ್ಟಿನೊಳಗೆ ಬಗ್ಗಿದ್ದರು. ಕೈಯಲ್ಲಿ ಚೂಪಾದ ಚಾಕು. ಒಂದು ಮೌಂಟಿನಿಂದ ಕರಿ ಗೋಂದಿನ ಪಟ್ಟಿಗಳು ಹೊರಬಂದು ಕಾಲ ಬಳಿ ಬಿದ್ದಿದ್ದವು.

"ಈ ತೂತು ಯಾಕೆ ಬಿಟ್ಟಿರ್ತಾರೆ ಅಂತ ಕೇಳಿದ್ಯಲ್ಲ," ಎಂದರು, ತಲೆ ಎತ್ತದೆ.

"ಹೂಂ."

"ರಬ್ಬರ್ ಉಳಿಸೋಕಲ್ಲ."

"ಗೊತ್ತಾಯ್ತು ಅಪ್ಪ."

ಅವಳು ಟಾರ್ಚ್ ಹಿಡಿದಳು. ಎರಡನೆಯದೂ ಖಾಲಿಯಾಯಿತು. ಅಪ್ಪ ಮೂರನೆಯದಕ್ಕೆ, ಹಿಂದಿನ ಮೌಂಟಿಗೆ, ಚಾಕು ಇಟ್ಟರು.

"ಅದು ಇರಲಿ," ಎಂದಳು ಲುಜೈನ್. "ಮೊದಲು ಅಂದ್ಕೊಂಡಿದ್ದು ಒಂದೇ ತಾನೇ? ಹಾಗೇ ಸ್ಟಾರ್ಟ್ ಮಾಡಿ. ಇಲ್ಲ, ಸ್ವಲ್ಪ ತಡೀರಿ. ನಾನು ಹೇಳಿದ ಮೇಲೆ."

"ಎಲ್ಲಿಗೆ ಹೊರಟೆ? ಸ್ಕೇಲ್ ನೋಡೋರು ಯಾರು?"

ಅವಳು ಆಗಲೇ ಮೆಟ್ಟಿಲೇರುತ್ತಿದ್ದಳು. ಅವರ ಮನೆ ಇದ್ದದ್ದೂ ಮೂರನೇ ಮಹಡಿಯಲ್ಲೇ. ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಕಂಬಿಗೆ ಕಿವಿ ಕೊಟ್ಟು ನಿಂತಳು. ಕೆಳಗೆ ತರಕಾರಿಯವನು ಕೂಗುತ್ತಿದ್ದ, ಯಾರದೋ ರೇಡಿಯೋ ಹಾಡುತ್ತಿತ್ತು.

"ಈಗ," ಎಂದು ಕೂಗಿದಳು.

ತರಕಾರಿಯವನ ಕೂಗಿನ ಅಡಿಯಿಂದ, ರೇಡಿಯೋದ ಅಡಿಯಿಂದ, ಒಂದು ಸಣ್ಣ ಸದ್ದು ಮೇಲೆ ಬಂತು. ದೊಡ್ಡ ಧಡ್ ಅ‌ಲ್ಲ. ಆದರೆ ಅದು ಬಾತುವಿನದೇ.

ಅವಳು ಕೆಳಗೆ ಓಡಿಬಂದಳು. ಅಪ್ಪ ಎಂಜಿನ್ ನಿಲ್ಲಿಸಿ, ಅವಳ ಮುಖವನ್ನೇ ನೋಡುತ್ತ ಕೂತಿದ್ದರು.

"ಕೇಳಿಸ್ತಾ?"

"ಕೇಳಿಸ್ತು."

"ಮೂರನೇ ಮಹಡೀಲೂ?"

"ಹೂಂ. ಇನ್ನೊಂದು ಸಲ ಸ್ಟಾರ್ಟ್ ಮಾಡಿ, ಈಗ ಅಳೀತೀನಿ."

ಅಪ್ಪ ಕೀಲಿ ತಿರುಗಿಸಿದರು. ಬಿಳಿ ಗೆರೆ ಜಿಗಿದು, ತೂಗಿ, ನಿಂತಿತು. ಬಾಗಿಲಿನ ಹಿಡಿ ಸುಮ್ಮನಿತ್ತು. ಲುಜೈನ್ ಬಗ್ಗಿ ಸ್ಕೇಲನ್ನು ಓದಿದಳು.

ಒಂಬತ್ತು ಮಿಲಿಮೀಟರ್.